ಎದೆಯ ಸದ್ದನ್ನು ಅರಿಯುವ ಬಗೆ

ವೈದ್ಯಶಾಸ್ತ್ರದ ಪೂರ್ವಾರ್ಧವನ್ನು ನಮ್ಮ ಮಣಿಪಾಲದಲ್ಲಿ ಕಲಿತು, ರೋಗಿಯ ಮಗ್ಗುಲಲ್ಲಿ ನಿಂತೇ ಕಲಿಯಬೇಕಾದ ಉತ್ತರಾರ್ಧಕ್ಕಾಗಿ ಕಡಲಾಚೆಯ ಮಲೇಷ್ಯಾದ ಮಲಕ್ಕಾ ಮತ್ತು ಮುವಾರ್ ಪಟ್ಟಣಗಳ ಆಸ್ಪತ್ರೆಗಳಿಗೆ ತೆರಳುವ ಪದ್ಧತಿ, 1997ರಲ್ಲಿ ಸ್ಥಾಪಿತವಾದ ಮಲಕ್ಕಾ-ಮಣಿಪಾಲ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಬಹುಕಾಲ ನಡೆದುಬಂದಿತು. ಕಾಲೇಜು ಸ್ಥಾಪಿತವಾದ ಅದೇ ವರ್ಷ ಇಂಡೊನೇಷ್ಯಾದ ಸುಮಾತ್ರಾ ಮತ್ತು ಕಲಿಮಂತಾನ್ ಪ್ರದೇಶಗಳ ಕಾಡೂ ಜೌಗುನೆಲವೂ ಹೊತ್ತಿ ಉರಿದು, ಅದರ ಹೊಗೆ ಮಲೇಷ್ಯಾವನ್ನೆಲ್ಲ ಕವಿಯಿತು. ಸೆಪ್ಟೆಂಬರಿನಲ್ಲಿ ಸರವಾಕ್ ಪ್ರಾಂತದ ಕುಚಿಂಗ್ ನಗರದ ವಾಯುಮಾಲಿನ್ಯ ಸೂಚ್ಯಂಕ 800ನ್ನೂ ಮೀರಿತು, ಆ ಪ್ರಾಂತದಲ್ಲಿ ತುರ್ತುಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಅಲ್ಲಿಯವರು ‘ಜೆರೆಬು’ ಎಂದು ಕರೆಯುವ ಈ ಧೂಮ ಇಳಿದಾಗಲೆಲ್ಲ ಉಬ್ಬಸದವರ ಸಂಕಟ ಹೆಚ್ಚುತ್ತದೆ. ‘ತಾರಿಕ್ ನಾಫಾಸ್’, ಉಸಿರೆಳೆದುಕೊಳ್ಳಿ, ಎನ್ನುತ್ತ ವೈದ್ಯರು ಅವರ ಬೆನ್ನಿಗೆ ಸ್ಟೆತಸ್ಕೋಪನ್ನು ಹಚ್ಚುತ್ತಾರೆ. ಆಗ ಕಿವಿಗೆ ಬೀಳುವ ಸದ್ದು ರೋಗದ ಹೆಸರನ್ನು ಹೇಳುವುದಿಲ್ಲ. ಗಾಳಿಯ ಹಾದಿ ಎಂತಹ ಸ್ಥಿತಿಯಲ್ಲಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಈ ಭೇದವನ್ನರಿಯದೆ ಉಸಿರಿನ ಶಾಸ್ತ್ರ ತಿಳಿಯದು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗೆ ಒತ್ತಿ ಆಲಿಸಿದುದು ಈ ವಿದ್ಯೆಯ ಆರಂಭ. ಆರೋಗ್ಯವಂತನ ಎದೆಯಲ್ಲಿ ಕೇಳುವ ಮೃದುವಾದ ಮರ್ಮರವು ಗಾಳಿ ವಾಯುಕೋಶಗಳನ್ನು ಹೊಗುವಾಗ ಹುಟ್ಟುವುದೆಂದು ಆತನು ಭಾವಿಸಿದನು. ವಸ್ತುಸ್ಥಿತಿ ಹಾಗಲ್ಲ: ವಾಯುಕೋಶಗಳಲ್ಲಿ ಗಾಳಿಯ ಚಲನೆ ಅತಿ ಮಂದವಾದುದರಿಂದ ಅಲ್ಲಿ ಸದ್ದು ಹುಟ್ಟುವಂತಿಲ್ಲ, ದೊಡ್ಡ ಶ್ವಾಸನಾಳಗಳು ಕವಲೊಡೆಯುವೆಡೆ ಗಾಳಿ ಸುಳಿಗೊಂಡು ಸದ್ದಾಗುತ್ತದೆ, ಗಾಳಿ ತುಂಬಿದ ಶ್ವಾಸಕೋಶ ಅದರ ತೀಕ್ಷ್ಣಸ್ವರಗಳನ್ನು ಹೀರಿ ಮಂದ್ರವನ್ನಷ್ಟೇ ಹೊರಗೆ ಬಿಡುತ್ತದೆ.

ಇದನ್ನು ಗ್ರಹಿಸಿದವನಿಗೆ ನ್ಯುಮೋನಿಯಾದ ವೈಚಿತ್ರ್ಯವೊಂದು ತಾನಾಗಿಯೇ ತಿಳಿಯುತ್ತದೆ. ರೋಗ ತಗುಲಿದ ಭಾಗಕ್ಕೆ ಗಾಳಿ ಹೋಗುತ್ತಿಲ್ಲವಾದ್ದರಿಂದ ಅಲ್ಲಿ ಸದ್ದು ಕುಗ್ಗಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ವಾಯುಕೋಶಗಳಲ್ಲಿ ಕೀವು ತುಂಬಿ ಆ ಭಾಗ ಘನೀಭವಿಸಿ, ಅದಕ್ಕೆ ಹೋಗುವ ದೊಡ್ಡ ನಾಳ ಮಾತ್ರ ತೆರೆದೇ ಇದ್ದರೆ, ತೀಕ್ಷ್ಣಸ್ವರಗಳನ್ನು ಹೀರುವ ಗಾಳಿಯೇ ಇಲ್ಲದೆ, ನಾಳದ ಕರ್ಕಶಧ್ವನಿ ನೇರವಾಗಿ ಬೆನ್ನಿನವರೆಗೆ ಬರುತ್ತದೆ, ರೋಗಿ ಪಿಸುಗುಟ್ಟಿದ ಮಾತೂ ಸ್ಪಷ್ಟವಾಗಿ ಕೇಳುತ್ತದೆ. ಅದೇ ದ್ರವವು ಶ್ವಾಸಕೋಶದ ಹೊರಗೆ, ಪುಪ್ಪುಸದ ಹೊದಿಕೆಯಲ್ಲಿ ನಿಂತರೆ, ಸದ್ದೆಲ್ಲ ಅಡಗಿಹೋಗುತ್ತದೆ. ಒಳಗಿನ ದ್ರವಕ್ಕೂ ಹೊರಗಿನ ದ್ರವಕ್ಕೂ ಇಷ್ಟು ಅಂತರವನ್ನು ಬರಿಯ ಕಿವಿಯೊಂದು ಕಾಣಬಲ್ಲುದೆಂಬುದು ನನಗೆ ಇಂದಿಗೂ ಪರಮಾಶ್ಚರ್ಯವೇ.

ಧೂಮದಿಂದ ಕೆರಳಿದ ಉಬ್ಬಸದಲ್ಲಿ ಕೇಳುವುದು ಬೇರೊಂದು: ಸಂಕುಚಿತವಾದ ನಾಳದ ಭಿತ್ತಿಗಳು ಪರಸ್ಪರ ತಾಗುವಷ್ಟು ಸಮೀಪಿಸಿ, ರಭಸದ ಗಾಳಿಗೆ ಕಂಪಿಸಿ ಹುಟ್ಟಿಸುವ ಸುಯ್ಯೆಂಬ ನಿರಂತರಸ್ವರ. ನಿಶ್ವಾಸದಲ್ಲಿ ಎದೆಯ ಒತ್ತಡ ನಾಳಗಳನ್ನು ಇನ್ನಷ್ಟು ಅದುಮುವುದರಿಂದ ಆಗಲೇ ಅದು ಪ್ರಬಲ. ಆದರೆ ರೋಗಿ ಬಳಲಿ, ಗಾಳಿಯ ಹರಿವೇ ಕ್ಷೀಣಿಸಿದಾಗ ಈ ಸ್ವರ ನಿಂತುಹೋಗುತ್ತದೆ. ಅದನ್ನು ಗುಣವೆಂದು ಎಣಿಸಿ ಮನೆಯವರು ಸಮಾಧಾನಪಟ್ಟರೆ ಅನರ್ಥ. ಉಬ್ಬಸದವನ ಎದೆಯಲ್ಲಿ ಸದ್ದಡಗಿದುದು, ಮಾತಾಡಲಾರದಷ್ಟು ಅವನು ದಣಿದಿದ್ದರೆ, ಪ್ರಾಣಾಪಾಯದ ಲಕ್ಷಣ.

ಇನ್ನು ಚಟಪಟ ಸದ್ದು. ಕಿವಿಯ ಬಳಿ ಕೂದಲೆಳೆಗಳನ್ನು ಬೆರಳಲ್ಲಿ ತಿಕ್ಕಿದಂತೆ ಉಚ್ಛ್ವಾಸದ ಕೊನೆಯಲ್ಲಿ ಕೇಳುವ ಈ ಸೂಕ್ಷ್ಮಧ್ವನಿ, ಮುಚ್ಚಿಕೊಂಡ ಕಿರುನಾಳಗಳು ಥಟ್ಟನೆ ತೆರೆಯುವುದರಿಂದ ಹುಟ್ಟತಕ್ಕದ್ದು. ಒಂದೊಂದರ ಆಯುಸ್ಸು ಸೆಕೆಂಡಿನ 50ರಲ್ಲಿ ಒಂದು ಭಾಗಕ್ಕಿಂತಲೂ ಕಡಮೆ. ಕೆಮ್ಮಿದ ಮೇಲೆ ಮಾಯವಾದರೆ ಅದು ಬಹುಶಃ ಕಫದ್ದು. ಕೆಮ್ಮಿದರೂ ಎರಡು ಶ್ವಾಸಕೋಶಗಳ ಬುಡದಲ್ಲಿ ಉಳಿದರೆ, ಹೃದಯ ಸೋತು ನೀರು ನಿಂತಿರಬಹುದು, ಇಲ್ಲವೆ ಶ್ವಾಸಕೋಶವೇ ನಾರುಗಟ್ಟಿರಬಹುದು. ಆದುದರಿಂದಲೇ ಬಲ್ಲ ವೈದ್ಯನು ಎಡಬಲಗಳನ್ನು ಒಂದೇ ಎತ್ತರದಲ್ಲಿ ಹೋಲಿಸಿ, ಕೆಮ್ಮಿಸಿ, ಮತ್ತೊಮ್ಮೆ ಆಲಿಸುವುದು.

ಲೆನೆಕ್ 1826ರಲ್ಲಿ, ತಾನು ಜೀವಮಾನವೆಲ್ಲ ಆಲಿಸಿದ ಕ್ಷಯರೋಗದಿಂದಲೇ ತೀರಿಕೊಂಡನು. ಭಾರತದಲ್ಲಿರುವಂತೆ ಮಲೇಷ್ಯಾದಲ್ಲಿಯೂ ಇನ್ನೂ ತೊಲಗದ ಆ ರೋಗ ಪ್ರಾಯಶಃ ಶ್ವಾಸಕೋಶದ ಮೇಲ್ಭಾಗದಲ್ಲಿ ನೆಲೆಸುತ್ತದೆ, ಆರಂಭದಲ್ಲಿ ಯಾವ ಸದ್ದನ್ನೂ ಮಾಡದಿರಬಹುದು. ಎರಡು ವಾರಕ್ಕೂ ಮಿಕ್ಕಿ ಕೆಮ್ಮುವವನ ಎದೆ ಕಿವಿಗೆ ಎಷ್ಟೇ ನಿರ್ಮಲವಾಗಿ ಕೇಳಿಸಿದರೂ ಅವನ ಕಫವನ್ನು ಪರೀಕ್ಷೆಗೆ ಕಳುಹಿಸಿ, ಎಕ್ಸ್‌ರೇ ತೆಗೆಸಲೇಬೇಕು.