ಡಿಸ್ಕಿಲ್ಲದ ಯಂತ್ರ ಕಲಿಸಿದ ಉಪಾಯ

1980ರ ದಶಕದ ಮೊದಲ ವರ್ಷಗಳಲ್ಲಿ ಹಾರ್ಡ್ ಡಿಸ್ಕ್ ಅಂದರೆ ದುಬಾರಿ ಸಾಮಾನು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಂಥ ಕಡೆ ಮೇಜಿಗೊಂದು ಡಿಸ್ಕ್ ಕೊಡುವ ಬದಲು, ಎಲ್ಲರ ಫೈಲುಗಳನ್ನೂ ಒಂದು ಸರ್ವರ್‌ನಲ್ಲಿಟ್ಟು ಈಥರ್ನೆಟ್ ಮೂಲಕ ಹಂಚುತ್ತಿದ್ದರು. ಖರ್ಚು ಉಳಿಯಿತು, ತಲೆನೋವು ಹುಟ್ಟಿತು. ಡಿಸ್ಕೇ ಇಲ್ಲದ ಕಂಪ್ಯೂಟರಿನ ಸ್ವಿಚ್ ಒತ್ತಿದರೆ ಅದರೊಳಗೆ ಇರುವುದಾದರೂ ಏನು? ಒಂದು ಚಿಪ್ಪಿನಲ್ಲಿ ಸುಟ್ಟುಕೊಟ್ಟ ಪುಟ್ಟ ಪ್ರೋಗ್ರಾಂ, ಜೊತೆಗೆ ನೆಟ್‌ವರ್ಕ್ ಕಾರ್ಡಿನ 48 ಬಿಟ್‌ಗಳ ಕ್ರಮಸಂಖ್ಯೆ. ತನ್ನ ಐಪಿ ವಿಳಾಸ ಅದಕ್ಕೆ ಗೊತ್ತಿಲ್ಲ, ಸರ್ವರ್ ಎಲ್ಲಿದೆ ಎಂಬುದೂ ಗೊತ್ತಿಲ್ಲ. ಇಂದು ಡೇಟಾ ಸೆಂಟರ್‌ಗಳಲ್ಲಿ ಯಾರೂ ಪೆನ್‌ಡ್ರೈವ್ ಹಿಡಿದು ಓಡಾಡದೆ ನೂರಾರು ಸರ್ವರ್‌ಗಳಿಗೆ ಲಿನಕ್ಸ್ ಹಾಕುತ್ತಾರಲ್ಲ, ಅದರ ಮೂಲ ಈ ಬಡತನದಲ್ಲಿದೆ.

ಮೊದಲ ಪರಿಹಾರ 1984ರ ಜೂನ್‌ನಲ್ಲಿ ಸ್ಟ್ಯಾನ್‌ಫರ್ಡ್‌ನಿಂದಲೇ ಬಂತು. ಹೆಸರು ರಾರ್ಪ್. ಯಂತ್ರ ತನ್ನ ಕಾರ್ಡಿನ ಸಂಖ್ಯೆಯನ್ನು ಎಲ್ಲರಿಗೂ ಕೇಳುವಂತೆ ಕೂಗಿ ಹೇಳುತ್ತದೆ. ಪಟ್ಟಿ ಇಟ್ಟುಕೊಂಡ ಸರ್ವರ್ ಐಪಿ ವಿಳಾಸ ಕೊಡುತ್ತದೆ. ಅಷ್ಟೇ. ವಿಳಾಸ ಸಿಕ್ಕಿತು, ಮುಂದೇನು ಎಂಬುದಕ್ಕೆ ಉತ್ತರವಿಲ್ಲ. ಅದು ಐಪಿಗಿಂತ ಕೆಳಗಿನ ಪದರದಲ್ಲಿ ನಡೆಯುವ ಮಾತಾದ್ದರಿಂದ ರೌಟರ್ ದಾಟುತ್ತಿರಲಿಲ್ಲ. ಸರ್ವರ್ ಕಡೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ಗೇ ಕೈ ಹಾಕಬೇಕಾಗುತ್ತಿತ್ತು.

ನಿಜವಾದ ತಿರುವು 1985ರ ಸೆಪ್ಟೆಂಬರ್‌ನದು. ಸ್ಟ್ಯಾನ್‌ಫರ್ಡ್‌ನ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಗಿಲ್ಮೋರ್ ಕೂಡಿ ಬೂಟ್‌ಪಿ ಎಂಬ ಪ್ರೊಟೊಕಾಲ್ ಬರೆದರು. ಕೆಳಪದರದ ಕಸರತ್ತನ್ನು ಬಿಟ್ಟು ಎಲ್ಲರೂ ಬಳಸುವ ಯುಡಿಪಿ ಪ್ಯಾಕೆಟ್‌ನಲ್ಲೇ ಪ್ರಶ್ನೆ ಕೇಳುವುದು ಅವರ ಉಪಾಯ. ಆದರೆ ವಿಳಾಸವೇ ಇಲ್ಲದವನಿಗೆ ಉತ್ತರ ತಲುಪಿಸುವುದು ಹೇಗೆ? ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಈ ತೊಡಕನ್ನು ಅವರು ಮುಚ್ಚಿಡಲಿಲ್ಲ. ದಸ್ತಾವೇಜಿನಲ್ಲಿ ಅದಕ್ಕೆಂದೇ ಒಂದು ಭಾಗ ಇಟ್ಟರು. ಕಾರ್ಡಿನ ಸಂಖ್ಯೆ ಹೇಗೂ ಪ್ರಶ್ನೆಯಲ್ಲೇ ಇದೆ, ಆಗುವುದಾದರೆ ಸರ್ವರ್ ಅದನ್ನು ತನ್ನ ವಿಳಾಸಪಟ್ಟಿಗೆ ತಾನೇ ಸೇರಿಸಿಕೊಂಡು ಉತ್ತರಿಸಲಿ. ಆಗದಿದ್ದರೆ ಉತ್ತರವನ್ನೂ ಕೂಗಿಯೇ ಹೇಳಲಿ. ನಡುವಿನ ರೌಟರ್ ಪ್ರಶ್ನೆಯನ್ನು ಇನ್ನೊಂದು ನೆಟ್‌ವರ್ಕ್‌ನ ಸರ್ವರ್‌ಗೆ ದಾಟಿಸಲೂ ದಾರಿ ಮಾಡಿದರು.

ನನ್ನ ಮಟ್ಟಿಗೆ ಅವರ ದೊಡ್ಡ ಶೋಧ ಇನ್ನೊಂದು. ಪ್ಯಾಕೆಟ್‌ನಲ್ಲಿ ಬೂಟ್ ಆಗಲು ಬೇಕಾದ ಫೈಲಿನ ಹೆಸರಿಗೆಂದು 128 ಬೈಟ್ ಜಾಗ ಬಿಟ್ಟರು. ಯಂತ್ರ ಅಲ್ಲಿ ತನಗೆ ಬೇಕಾದ ಆಪರೇಟಿಂಗ್ ಸಿಸ್ಟಂನ ಹೆಸರು, 'ಯುನಿಕ್ಸ್' ಎಂದಷ್ಟೇ ಬರೆದರೆ ಸಾಕು. ಯಾವ ಯುನಿಕ್ಸ್, ಯಾವ ಫೋಲ್ಡರ್‌ನದು ಎಂಬುದನ್ನು ಕಾರ್ಡಿನ ಸಂಖ್ಯೆ ನೋಡಿ ಸರ್ವರ್ ತೀರ್ಮಾನಿಸಿ, ಪೂರ್ತಿ ಹೆಸರು ತುಂಬಿ ಮರಳಿಸುತ್ತದೆ. ಯಂತ್ರ ಏನನ್ನೂ ನಿರ್ಧರಿಸಬೇಕಾಗಿಲ್ಲ. ಎಲ್ಲ ತೀರ್ಮಾನವೂ ಸರ್ವರ್‌ನ ಒಂದು ಪಟ್ಟಿಯಲ್ಲಿ. ಆಮೇಲೆ ಬಂದದ್ದೆಲ್ಲ ಈ ಪಟ್ಟಿಯನ್ನು ಉದ್ದ ಮಾಡಿದ ಕೆಲಸವೇ.

ಹೆಸರು ಸಿಕ್ಕಮೇಲೆ ಫೈಲನ್ನು ತರಲು ಟಿಎಫ್‌ಟಿಪಿ ಆಗಲೇ ಇತ್ತು. ಎಂಐಟಿಯ ಕ್ಯಾರೆನ್ ಸಾಲಿನ್ಸ್ 1981ರಲ್ಲಿ ಬರೆದಿಟ್ಟದ್ದು. ಪಾಸ್‌ವರ್ಡ್ ಇಲ್ಲ, ಫೈಲುಗಳ ಪಟ್ಟಿ ಕೇಳುವಂತಿಲ್ಲ. 512 ಬೈಟ್ ಕಳಿಸು, 'ಬಂತು' ಎನ್ನುವವರೆಗೆ ಕಾಯಿ, ಮುಂದಿನ 512 ಕಳಿಸು. ಇಷ್ಟು ಸರಳವಾದ್ದರಿಂದಲೇ ಪುಟ್ಟ ಚಿಪ್ಪಿನಲ್ಲಿ ಹಿಡಿಸಿತು. ಅದರಲ್ಲೂ ಒಂದು ಹುಳುಕಿತ್ತು. 'ಬಂತು' ಎಂಬ ಉತ್ತರ ಒಮ್ಮೆ ತಡವಾದರೆ ಸರ್ವರ್ ಅದೇ ತುಂಡನ್ನು ಮತ್ತೆ ಕಳಿಸುತ್ತದೆ. ಆ ಕಡೆಯಿಂದ ಎರಡು 'ಬಂತು' ಬರುತ್ತವೆ. ಎರಡಕ್ಕೂ ಸರ್ವರ್ ಮುಂದಿನ ತುಂಡು ಕಳಿಸುತ್ತದೆ. ಅಲ್ಲಿಂದ ಫೈಲ್ ಮುಗಿಯುವವರೆಗೂ ಪ್ರತಿ ತುಂಡೂ ಎರಡೆರಡು ಬಾರಿ! ಮರುಕಳಿಸಿದ 'ಬಂತು'ವಿಗೆ ಏನನ್ನೂ ಕಳಿಸಬಾರದು ಎಂಬ ತಿದ್ದುಪಡಿ 1989ರಲ್ಲಿ ಕಡ್ಡಾಯವಾಯಿತು.

ಮುಂದೆ ಡಿಸ್ಕ್ ಅಗ್ಗವಾಯಿತು, ಎಲ್ಲ ಯಂತ್ರಕ್ಕೂ ಬಂತು. ಹಳೆಯ ಉಪಾಯ ಮೂಲೆಗೆ ಬೀಳಬೇಕಿತ್ತು, ಬೀಳಲಿಲ್ಲ. ಖಾಲಿ ಡಿಸ್ಕ್ ಇರುವ ಯಂತ್ರಕ್ಕೂ ಡಿಸ್ಕಿಲ್ಲದ ಯಂತ್ರಕ್ಕೂ ಮೊದಲ ನಿಮಿಷದಲ್ಲಿ ವ್ಯತ್ಯಾಸವೇನಿದೆ? 1990ರ ದಶಕದಲ್ಲಿ ಸನ್ ಕಂಪನಿ ತನ್ನ ಆಪರೇಟಿಂಗ್ ಸಿಸ್ಟಂ ಸೊಲಾರಿಸ್‌ಗೆ ತಾನಾಗಿ ಇನ್‌ಸ್ಟಾಲ್ ಮಾಡುವ ಜಂಪ್‌ಸ್ಟಾರ್ಟ್ ತಂದಿತು, ರೆಡ್ ಹ್ಯಾಟ್ ಲಿನಕ್ಸ್‌ಗೆ ಕಿಕ್‌ಸ್ಟಾರ್ಟ್. ಜಂಪ್‌ಸ್ಟಾರ್ಟ್ ನೋಡಿ ಸ್ಫೂರ್ತಿಗೊಂಡ ಜರ್ಮನಿಯ ಕಲೋನ್ ವಿಶ್ವವಿದ್ಯಾಲಯದ ಥಾಮಸ್ ಲಾಂಗೆ 1999ರಲ್ಲಿ ಲಿನಕ್ಸ್‌ನ ಇನ್ನೊಂದು ರೂಪವಾದ ಡೆಬಿಯನ್‌ಗೆ ಎಫ್‌ಎಐ ಶುರುಮಾಡಿದರು. ಭಾಷೆ ಯಾವುದು, ಡಿಸ್ಕನ್ನು ಹೇಗೆ ಭಾಗ ಮಾಡಬೇಕು, ರೂಟ್ ಪಾಸ್‌ವರ್ಡ್ ಏನು ಎಂದು ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಮುಂಚೆಯೇ ಉತ್ತರ ಬರೆದಿಟ್ಟ ಫೈಲನ್ನು ಅದರ ಕೈಗಿಡುವುದು ಇವೆಲ್ಲದರ ಹೂರಣ.

ಇಲ್ಲೊಂದು ಬಲೆ ಇದೆ. ಮೊದಲು ನೆಟ್‌ವರ್ಕ್‌ನಿಂದಲೇ ಬೂಟ್ ಆಗು ಎಂದು ಹೇಳಿಸಿಕೊಂಡ ಸರ್ವರ್ ಇನ್‌ಸ್ಟಾಲ್ ಮುಗಿಸಿ ರೀಬೂಟ್ ಆಗುತ್ತದೆ, ಮತ್ತೆ ನೆಟ್‌ವರ್ಕನ್ನೇ ಕೇಳುತ್ತದೆ, ಡಿಸ್ಕ್ ಅಳಿಸಿ ಮತ್ತೆ ಇನ್‌ಸ್ಟಾಲ್ ಶುರು. ಬೆಳಗಿನವರೆಗೂ ಇದೇ ಸುತ್ತು. ಹಾಗಾಗಿ ಕೊನೆಯ ಹಂತದಲ್ಲಿ 'ಮುಗಿಯಿತು' ಎಂದು ಯಂತ್ರವೇ ತಿಳಿಸುವಂತೆ, ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ 'ನಿನ್ನ ಡಿಸ್ಕಿನಿಂದಲೇ ಏಳು' ಎಂದು ಬದಲಾಗುವಂತೆ ಏರ್ಪಾಡು ಮಾಡುತ್ತಾರೆ. ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಅಳಿಸಿಹೋಗುವುದು ಬೇರೆಯವರ ಡಿಸ್ಕ್ ಆಗಿರಬಹುದು ಎಂಬುದನ್ನೂ ಹೇಳಿಬಿಡಬೇಕು.

ಇಂಟೆಲ್ 1990ರ ದಶಕದ ಕೊನೆಯಲ್ಲಿ ಪಿಎಕ್ಸ್‌ಇ ಎಂಬ ಹೆಸರಿನಲ್ಲಿ ನೆಟ್‌ವರ್ಕ್‌ನಿಂದ ಬೂಟ್ ಆಗುವ ಈ ಉಪಾಯವನ್ನು ಮಾಮೂಲಿ ಪಿಸಿಯ ನೆಟ್‌ವರ್ಕ್ ಕಾರ್ಡಿಗೆ ಇಳಿಸಿತು. ಹೆಸರು ಮಾಡಿದ್ದು ಅದೇ. ಆದರೆ ಕಂಡುಹಿಡಿದ ಗೌರವ ಸಲ್ಲಬೇಕಾದ್ದು ಕ್ರಾಫ್ಟ್ ಮತ್ತು ಗಿಲ್ಮೋರ್‌ಗೆ. 1993ರಲ್ಲಿ ರಾಲ್ಫ್ ಡ್ರೋಮ್ಸ್ ಬರೆದ ಡಿಎಚ್‌ಸಿಪಿ ಕೂಡ ಅವರ ಪ್ಯಾಕೆಟ್‌ನ ಅಚ್ಚನ್ನೇ ಉಳಿಸಿಕೊಂಡಿತು. ನಿಮ್ಮ ಫೋನು ವೈಫೈಗೆ ಸೇರಿ ಐಪಿ ವಿಳಾಸ ಕೇಳುವಾಗ ಕಳಿಸುವ ಪ್ಯಾಕೆಟ್‌ನಲ್ಲೂ ಬೂಟ್ ಫೈಲಿನ ಹೆಸರಿಗೆಂದು ಆ 128 ಬೈಟ್ ಜಾಗ ಈಗಲೂ ಇದೆ. ಫೋನಿಗೆ ಅದು ಬೇಕಿಲ್ಲ, ಸೊನ್ನೆ ತುಂಬಿ ಕಳಿಸುತ್ತದೆ.