ಮೊದಲು ಹತ್ತುವವರು ಯಾರು?

ನಮ್ಮ ಮದ್ರಸದಲ್ಲಿ ಏಳನೇ ಕ್ಲಾಸಿನವರೆಗೆ ಓದಿದ ಹುಡುಗನೊಬ್ಬ ಈಗ ಅಮೆರಿಕದ ಮಿಯಾಮಿಯಿಂದ ಹೊರಡುವ ಒಂದು ಕ್ರೂಸ್ ಹಡಗಿನಲ್ಲಿ ಕೆಲಸ ಮಾಡುತ್ತಿದ್ದಾನೆ. ಪ್ರಯಾಣಿಕರ ಕ್ಯಾಬಿನ್ ಗುಡಿಸಿ ಒರೆಸಿ ಹಾಸಿಗೆ ಸರಿ ಮಾಡುವ ಕೆಲಸ. ವರ್ಷದ ಹೆಚ್ಚಿನ ತಿಂಗಳು ನೀರಿನ ಮೇಲೆ, ಉಳಿದದ್ದು ಊರಲ್ಲಿ. ಮೊನ್ನೆ ರಜೆಯಲ್ಲಿ ಬಂದವನು ಅಸರ್ ನಮಾಝ್ ಮುಗಿಸಿ ಮಸೀದಿಯ ಜಗಲಿಯಲ್ಲಿ ನನ್ನ ಪಕ್ಕ ಕೂತ. "ಉಸ್ತಾದ್, ನೀವು ಹಜ್ಜಿಗೆ ಹೋಗುವವರಿಗೆ ಈಗಲೂ ಕ್ಲಾಸ್ ತಗೊಳ್ತೀರಾ?" ಅಂತ ಕೇಳಿದ. ಹೌದು ಅಂದೆ. "ನಮ್ಮ ಹಡಗು ಹತ್ತುವವರಿಗೂ ಒಂದು ಕ್ಲಾಸ್ ಬೇಕು ಉಸ್ತಾದ್, ಅಷ್ಟು ಕಾನೂನು ಉಂಟು" ಅಂತ ನಕ್ಕ. ಅವನ ಮಾತು ಕೇಳುತ್ತಾ ಮಗ್ರಿಬ್ ಬಾಂಗ್ ಆದದ್ದೇ ಗೊತ್ತಾಗಲಿಲ್ಲ.

ಅವನು ಹೇಳಿದ ಪ್ರಕಾರ ಹಡಗಿನವರಿಗೆ ವಾರದಲ್ಲಿ ಅತಿ ಕಷ್ಟದ ದಿನವೆಂದರೆ ಹಡಗು ತನ್ನ ಬಂದರಿಗೆ ವಾಪಸಾಗುವ ದಿನ. ಬೆಳಗ್ಗೆ ಸಾವಿರಾರು ಜನ ಇಳಿಯುತ್ತಾರೆ. ಅದೇ ಸಂಜೆ ಬೇರೆ ಸಾವಿರಾರು ಜನರನ್ನು ಹತ್ತಿಸಿಕೊಂಡು ಹಡಗು ಹೊರಡಬೇಕು. ಮಧ್ಯೆ ಸಿಗುವ ಕೆಲವೇ ಗಂಟೆಗಳಲ್ಲಿ ಅಷ್ಟೂ ಕ್ಯಾಬಿನ್ ತೊಳೆದು, ಚಾದರ ಬದಲಿಸಿ, ಹೊಸಬರ ಪೆಟ್ಟಿಗೆಗಳನ್ನು ಬಾಗಿಲು ಬಾಗಿಲಿಗೆ ಮುಟ್ಟಿಸಬೇಕು. ಎಲ್ಲರೂ ಒಟ್ಟಿಗೆ ಗೇಟಿಗೆ ಬಂದರೆ ಕಥೆ ಮುಗಿಯಿತು. ಅದಕ್ಕೇ ಪ್ರತಿಯೊಬ್ಬರಿಗೂ ಬಂದರಿಗೆ ಬರುವ ಸಮಯ ಅಂತ ಇರುತ್ತದೆ. ಪ್ರಯಾಣಕ್ಕೆ ಕೆಲವು ದಿನ ಮೊದಲೇ ಮೊಬೈಲಿನಲ್ಲಿ ಚೆಕ್ ಇನ್ ಮಾಡಿ, ಪಾಸ್‌ಪೋರ್ಟ್ ತೋರಿಸಿ, ಫೋಟೊ ಹಾಕಿ, ಇಷ್ಟು ಗಂಟೆಗೆ ಬರುತ್ತೇನೆ ಅಂತ ಅರ್ಧ ಗಂಟೆಯ ಒಂದು ಅವಧಿ ಆರಿಸಿಕೊಳ್ಳಬೇಕು. ಬೆಳಗ್ಗಿನ ಸಮಯ ಬೇಗ ಖಾಲಿಯಾಗುತ್ತದೆ. ತಡ ಮಾಡಿದವರಿಗೆ ಮಧ್ಯಾಹ್ನದ ಮೇಲಿನದ್ದು.

ಕೊನೆಯ ಗಡುವೂ ಉಂಟು. ಹಡಗು ಹೊರಡುವುದಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಚೆಕ್ ಇನ್ ಮುಗಿದಿರಬೇಕು. ಅದು ಕಂಪೆನಿಯ ಹಠ ಮಾತ್ರ ಅಲ್ಲ. ಹಡಗಿನಲ್ಲಿ ಯಾರ್‍ಯಾರು ಇದ್ದಾರೆ ಎಂಬ ಪಟ್ಟಿಯನ್ನು ಹೊರಡುವ 60 ನಿಮಿಷ ಮೊದಲು ಅಮೆರಿಕ ಸರಕಾರಕ್ಕೆ ಕಳಿಸಲೇಬೇಕೆಂದು ಅಲ್ಲಿನ ಕಾನೂನು. ಪಟ್ಟಿ ಹೋದ ಮೇಲೆ ಬಂದವನು ದಡದಲ್ಲಿ ನಿಂತು ಹಡಗಿಗೆ ಕೈ ಬೀಸಬೇಕು, ಅಷ್ಟೆ.

ಇದೆಲ್ಲ ಅರ್ಥವಾಗುವ ಮಾತೇ. ಆದರೆ ಸಾಲಿನಲ್ಲಿ ಮೊದಲು ಯಾರು ಎಂಬ ವಿಷಯ ಬಂದಾಗ ನಾನು ಸ್ವಲ್ಪ ಕಿವಿ ನಿಮಿರಿಸಿ ಕೇಳಿದೆ. ದುಡ್ಡು ಹೆಚ್ಚು ಕೊಟ್ಟು ದೊಡ್ಡ ರೂಮ್ ತಗೊಂಡವರು ಮೊದಲು, ಅದು ಸರಿ, ವ್ಯಾಪಾರ. ಅವರ ಜೊತೆಗೆ ಇನ್ನೊಂದು ವರ್ಗದವರೂ ಮೊದಲು ಹತ್ತುತ್ತಾರೆ. ಪುನಃ ಪುನಃ ಅದೇ ಕಂಪೆನಿಯ ಹಡಗಿನಲ್ಲಿ ಬಂದವರು. ಅವರಿಗೆ ನಿಷ್ಠಾವಂತ ಪ್ರಯಾಣಿಕರು ಅಂತ ಹೆಸರು. ರಾಯಲ್ ಕೆರಿಬಿಯನ್ ಎಂಬ ದೊಡ್ಡ ಕಂಪೆನಿಯ ಲೆಕ್ಕ ನೋಡಿ: ಹಡಗಿನಲ್ಲಿ ಕಳೆದ ಒಂದು ರಾತ್ರಿಗೆ ಒಂದು ಪಾಯಿಂಟ್, ಸೂಟ್ ರೂಮಾದರೆ ಎರಡು. 80 ಪಾಯಿಂಟ್ ಆದವನು ಡೈಮಂಡ್, 175 ಆದವನು ಡೈಮಂಡ್ ಪ್ಲಸ್, 700 ಆದವನು ಪಿನಾಕಲ್. 700 ರಾತ್ರಿ ಅಂದರೆ ಹತ್ತಿರ ಹತ್ತಿರ ಎರಡು ವರ್ಷ! ಮೇಲಿನ ಮೆಟ್ಟಿಲಿನವರಿಗೆ ಟರ್ಮಿನಲ್ಲಿನಲ್ಲಿ ಬೇರೆಯೇ ಸಾಲು. "ಕೆಲವು ಸಲ ಡೈಮಂಡ್‌ನವರೇ ತುಂಬಿ ಅವರ ಸಾಲು ಸಾದಾ ಸಾಲಿಗಿಂತ ಉದ್ದ ಆಗ್ತದೆ ಉಸ್ತಾದ್, ಆಗ ಅವರ ಮುಖ ನೋಡಬೇಕು" ಅಂದ ಹುಡುಗ.

ಒಂದೇ ಒಂದು ಕಡೆ ಈ ಡೈಮಂಡ್ ನಡೆಯುವುದಿಲ್ಲವಂತೆ. ಅಪಾಯ ಬಂದರೆ ಎಲ್ಲಿ ಸೇರಬೇಕು, ಯಾವ ದೋಣಿ ಎಂದು ತೋರಿಸುವ ಮಸ್ಟರ್ ಡ್ರಿಲ್‌ನಲ್ಲಿ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕೋರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ವಾಲಿ 32 ಜನ ಸತ್ತರು. ಅದೇ ಸಂಜೆ ಹತ್ತಿದ್ದ ನೂರಾರು ಮಂದಿಗೆ ಡ್ರಿಲ್ ಆಗಿರಲೇ ಇಲ್ಲ. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕೆಂದು ಅಂತಾರಾಷ್ಟ್ರೀಯ ನಿಯಮ ಬಂತು. 700 ರಾತ್ರಿ ಕಳೆದವನೂ ಹೋಗಿ ನಿಲ್ಲಬೇಕು, ಮೊದಲ ಸಲ ಬಂದವನೂ ನಿಲ್ಲಬೇಕು.

ನಮ್ಮ ಪಣಂಬೂರಿಗೂ ಪ್ರತಿ ಚಳಿಗಾಲದಲ್ಲಿ ಇಂಥ ಹಡಗುಗಳು ಬರುತ್ತವೆ. ಬೆಳಗ್ಗೆ ಬಂದು, ಪ್ರವಾಸಿಗಳು ಕದ್ರಿ, ಕುದ್ರೋಳಿ, ಮಾರ್ಕೆಟ್ ಅಂತ ಸುತ್ತಿ ಸಂಜೆಗೆ ವಾಪಸ್. ಅವರನ್ನು ಕರೆದುಕೊಂಡು ಹೋಗುವ ನಮ್ಮ ಟ್ಯಾಕ್ಸಿ, ರಿಕ್ಷಾ ಹುಡುಗರು ಗಮನಿಸಬೇಕಾದ ಒಂದು ಮಾತು: ಹಡಗಿನವರೇ ಏರ್ಪಾಡು ಮಾಡಿದ ಬಸ್ಸು ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಆದರೆ ತಾವಾಗಿ ಟ್ಯಾಕ್ಸಿ ಹಿಡಿದು ಹೋದವರಿಗೆ ಕಾಯುವುದಿಲ್ಲ. ಕೂಳೂರು ಸಂಕದ ಬ್ಲಾಕ್ ಆ ಕಪ್ತಾನನಿಗೆ ಗೊತ್ತಿರುವುದಿಲ್ಲ.

ಹಡಗು ಅಂದರೆ ನಮ್ಮ ಉಪ್ಪಾಪಂದಿರ ಕಾಲದವರಿಗೆ ನೆನಪಾಗುತ್ತಿದ್ದದ್ದು ಹಜ್ ಹಡಗು. ಮಂಗಳೂರು ಕಡೆಯವರು ಮೊದಲು ಮುಂಬೈ ಸೇರಿ, ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಸಾಬೂ ಸಿದ್ದೀಕ್ ಮುಸಾಫಿರ್‌ಖಾನದಂಥ ಕಡೆ ಇಳಿದುಕೊಂಡು ತಮ್ಮ ಹಡಗಿನ ದಿನಕ್ಕೆ ಕಾಯಬೇಕಿತ್ತು. ಮೊಗಲ್ ಲೈನ್ ಎಂಬ ಕಂಪೆನಿಯ ಹಡಗುಗಳು. 1986ರಲ್ಲಿ ಅದು ಶಿಪ್ಪಿಂಗ್ ಕಾರ್ಪೊರೇಷನ್‌ನಲ್ಲಿ ಸೇರಿಹೋಯಿತು. ಜಿದ್ದಾ ಮುಟ್ಟಲು ವಾರದ ಮೇಲೆ ಬೇಕು. ಆ ಹಡಗಿನಲ್ಲೂ ಫಸ್ಟ್ ಕ್ಲಾಸ್ ಇತ್ತು, ಬಡವರ ಡೆಕ್ ಇತ್ತು, ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಯಲಮ್‌ಲಮ್ ನೇರಕ್ಕೆ ಬಂದಾಗ ಮೇಲಿನವರೂ ಕೆಳಗಿನವರೂ ಅದೇ ಎರಡು ಬಿಳಿ ಬಟ್ಟೆಯ ಇಹ್ರಾಮ್ ಕಟ್ಟಬೇಕಿತ್ತು ಎಂಬುದೂ ಅಷ್ಟೇ ನಿಜ. 1995ಕ್ಕೆ ಹಡಗು ನಿಂತಿತು. 2018ರಲ್ಲಿ ಪುನಃ ಶುರು ಮಾಡುವ ಮಾತು ಬಂತು, ಸೌದಿಯವರೂ ಒಪ್ಪಿದ್ದರು, ಆದರೆ ಹಡಗು ಬರಲಿಲ್ಲ.

ಈಗ ವಿಮಾನ. ಸಾಲು ಮಾತ್ರ ಹಾಗೇ ಉಂಟು. ಮತ್ತು ಹಜ್ ಕಮಿಟಿಯ ಸಾಲು ಕ್ರೂಸಿನ ಸಾಲಿಗೆ ತೀರಾ ಉಲ್ಟಾ. ಅಲ್ಲಿ ಹೆಚ್ಚು ಸಲ ಹೋದವನು ಮೊದಲು. ಇಲ್ಲಿ ಕಮಿಟಿ ಮೂಲಕ ಒಮ್ಮೆ ಹಜ್ ಮಾಡಿದವನು ಪುನಃ ಅರ್ಜಿ ಹಾಕುವ ಹಾಗೆಯೇ ಇಲ್ಲ, ವಯಸ್ಸಾದವರ ಜೊತೆಗಾರನಾಗಿ ಹೋಗುವಂಥ ಕೆಲವು ವಿನಾಯಿತಿ ಬಿಟ್ಟರೆ. ಹಜ್ ಜೀವನದಲ್ಲಿ ಒಮ್ಮೆ ಮಾತ್ರ ಕಡ್ಡಾಯ, ಹಾಗಾಗಿ ಹೋಗದವನಿಗೆ ಮೊದಲ ಹಕ್ಕು. ಇದರಲ್ಲಿ ಯಾರಿಗೂ ತಕರಾರಿಲ್ಲ. ರಾಷ್ಟ್ರಪತಿ, ಪ್ರಧಾನಿ, ಮಂತ್ರಿ, ಕಮಿಟಿ ಅಂತ 500 ಸೀಟಿನ ಒಂದು ವಿಐಪಿ ಕೋಟಾ ಇತ್ತು, 2023ರಲ್ಲಿ ಅದನ್ನೂ ತೆಗೆದರು. ಒಳ್ಳೆಯದೇ ಆಯಿತು. (ನಮ್ಮ ಮದುವೆ ಹಾಲ್‌ಗಳ ವಿಐಪಿ ಊಟದ ಕೋಣೆಯನ್ನು ಯಾರು ತೆಗೆಯುತ್ತಾರೋ ನೋಡಬೇಕು.)

ತಕರಾರು ಇರುವುದು ಬೇರೆ ಕಡೆ. ಹಿಂದೆ ಹಜ್ ಕಮಿಟಿಯಲ್ಲೂ ಒಂದು ರೀತಿಯ ನಿಷ್ಠಾವಂತರ ಪಟ್ಟಿ ಇತ್ತು. ಸತತ ಮೂರು ವರ್ಷ ಅರ್ಜಿ ಹಾಕಿ, ಮೂರೂ ಸಲ ಖುರ್‍ರಾದಲ್ಲಿ, ಅಂದರೆ ಚೀಟಿ ಎತ್ತುವಾಗ, ಹೆಸರು ಬಾರದವನಿಗೆ ನಾಲ್ಕನೇ ಸಲ ಚೀಟಿ ಇಲ್ಲದೆ ಸೀಟು. ಹೋಗಿ ಬಂದವನ ನಿಷ್ಠೆಯಲ್ಲ, ಕಾದವನ ನಿಷ್ಠೆ. 2018ರ ಹೊಸ ನೀತಿಯಲ್ಲಿ ಇದನ್ನು ತೆಗೆದುಹಾಕಿದರು. ಅರ್ಜಿ ಹೆಚ್ಚಿದ್ದ ಕೇರಳದಂಥ ರಾಜ್ಯದಲ್ಲಿ ಇಂಥವರಿಂದಲೇ ಸೀಟಿನ ದೊಡ್ಡ ಪಾಲು ತುಂಬಿ, ಹೊಸಬರಿಗೆ ಚೀಟಿ ಎತ್ತಲು ಏನೂ ಉಳಿಯುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಕೇರಳದ ಹಜ್ ಕಮಿಟಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೂ ಹೋಗಿತ್ತು.

ಈ ಬದಲಾವಣೆ ನನಗೆ ಬರೀ ಪತ್ರಿಕೆಯ ಸುದ್ದಿ ಅಲ್ಲ. ನಮ್ಮ ಮೊಹಲ್ಲಾದಲ್ಲಿ ಮೀನು ವ್ಯಾಪಾರದ ಒಬ್ಬ ಕಾಕ ಇದ್ದರು. 2015, 2016, 2017, ಮೂರು ಹಜ್ಜಿಗೂ ಅವರ ಅರ್ಜಿ ತುಂಬಿಸಿದ್ದು ನಾನೇ. ಮೂರೂ ಸಲ ಹೆಸರು ಬರಲಿಲ್ಲ. ದಮ್ಮಾಮಿನಲ್ಲಿದ್ದ ಮಗ, ಖಾಸಗಿ ಗ್ರೂಪಿನಲ್ಲಿ ಹೋಗಿ ಉಪ್ಪ, ಹಣ ನಾನು ಕಳಿಸುತ್ತೇನೆ ಅಂದಿದ್ದ. ಕಾಕ ನನ್ನ ಹತ್ತಿರ ಬಂದು ಕೇಳಿದರು, "ನಾಲ್ಕನೇದಕ್ಕೆ ಗ್ಯಾರಂಟಿ ಅಲ್ವಾ ಉಸ್ತಾದ್?" ನಾನು ಗ್ಯಾರಂಟಿ ಅಂದೆ. ಸುಮ್ಮನೆ ಮಗನ ಮೇಲೆ ಯಾಕೆ ಅಷ್ಟು ಹೊರೆ, ಒಂದು ವರ್ಷ ತಡೆಯಿರಿ ಅಂದೆ. ಕಾನೂನು ನೋಡಿಯೇ ಹೇಳಿದ್ದು. ಆದರೆ ಆ ವರ್ಷವೇ ಕಾನೂನು ಬದಲಾಯಿತು. 70 ದಾಟಿದವರಿಗೆ ಮಾತ್ರ ನೇರ ಸೀಟು ಉಳಿಯಿತು. ಕಾಕನಿಗೆ ಆಗ 67.

2018ರಲ್ಲೂ ಚೀಟಿ ಬರಲಿಲ್ಲ, 2019ರಲ್ಲೂ ಇಲ್ಲ. 2020ರಲ್ಲಿ ಬಂತು. ಕಾಕ ಮದ್ರಸದ ಮಕ್ಕಳಿಗೆಲ್ಲ ಮಿಠಾಯಿ ಹಂಚಿದರು. ಮೊದಲ ಕಂತು ಕಟ್ಟಿದರು. ಆಮೇಲೆ ಕೊರೋನ. ಹೊರದೇಶದವರು ಬರುವುದು ಬೇಡ ಅಂತ ಸೌದಿ ಹೇಳಿ, ಜೂನಿನಲ್ಲಿ ಹಣ ವಾಪಸ್ ಕೊಡುವ ಪ್ರಕಟಣೆ ಬಂತು. ಮರುವರ್ಷ ಕಾಕ ತೀರಿಹೋದರು. ಮಯ್ಯತ್ ನಮಾಝ್ ಮುಗಿದ ಮೇಲೆ ಮಗ ನನ್ನ ಕೈ ಹಿಡಿದು ಏನೂ ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತೇನೋ.

ಕಾಕನ ಹೆಂಡತಿ 2023ರಲ್ಲಿ ಹೋದರು. ಮಹ್ರಮ್ ಇಲ್ಲದೆ 45 ದಾಟಿದ ನಾಲ್ಕು ಹೆಂಗಸರು ಒಟ್ಟಾಗಿ ಅರ್ಜಿ ಹಾಕಬಹುದೆಂಬ ಅವಕಾಶ ಅದೇ 2018ರ ನೀತಿಯಲ್ಲಿ ಬಂದದ್ದು. ನಂಬಿಕಸ್ಥ ಹೆಂಗಸರ ಜೊತೆ ಕಡ್ಡಾಯ ಹಜ್ಜಿಗೆ ಹೋಗಲು ನಮ್ಮ ಶಾಫಿಈ ಮದ್‌ಹಬಿನಲ್ಲಿ ಅನುಮತಿ ಇದೆ. ಒಂದು ಬಾಗಿಲು ಮುಚ್ಚಿದ ಕಾಗದವೇ ಇನ್ನೊಂದು ತೆರೆದಿತ್ತು. ಕಾಕನ ಹೆಸರಿನ ಬದಲಿ ಹಜ್ ಮಗ ಮಾಡಬೇಕು. ಅದಕ್ಕೆ ಮೊದಲು ಅವನದ್ದು ಆಗಬೇಕು.

ಜುಮಾದ ಬಗ್ಗೆ ಒಂದು ಹದೀಸ್ ಎಲ್ಲರಿಗೂ ಗೊತ್ತು. ಮೊದಲ ಹೊತ್ತಿಗೆ ಬಂದವನಿಗೆ ಒಂಟೆ ದಾನ ಕೊಟ್ಟಷ್ಟು ಪ್ರತಿಫಲ, ನಂತರದವನಿಗೆ ಹಸು, ಆಮೇಲೆ ಟಗರು, ಕೋಳಿ, ಕೊನೆಗೆ ಮೊಟ್ಟೆ. ಇಮಾಮರು ಬಂದ ಮೇಲೆ ಮಲಕುಗಳು ಪುಸ್ತಕ ಮಡಚಿ ಖುತುಬಾ ಕೇಳಲು ಕೂರುತ್ತಾರೆ. ತಡವಾಗಿ ಬಂದವನು ಜನರ ಹೆಗಲು ದಾಟಿಕೊಂಡು ಮುಂದೆ ಬರಬಾರದು, ಕೂತವನನ್ನು ಎಬ್ಬಿಸಿ ಅವನ ಜಾಗದಲ್ಲಿ ಕೂರಬಾರದು ಎಂದೂ ಇದೆ. ಹಾಗಿದ್ದರೂ ಮೊದಲ ಸಫ್‌ನಲ್ಲಿ ಟವೆಲ್ ಹಾಕಿ ಜಾಗ ಹಿಡಿದು ಹೊರಗೆ ಮಾತಾಡುತ್ತಾ ನಿಲ್ಲುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಬಂದು ಕಾದವನ ಹೊತ್ತಿಗೆ ಬೆಲೆ ಇರಬೇಕು ಅನ್ನುವುದು ನನ್ನ ಅಭಿಪ್ರಾಯ. ಮೂರು ವರ್ಷ ಚೀಟಿಯಲ್ಲಿ ತಪ್ಪಿದವನಿಗೆ ನೇರ ಸೀಟು ಕೊಡಲು ಆಗದಿದ್ದರೆ ಅವನ ಹೆಸರಿನ ಎರಡು ಚೀಟಿಯಾದರೂ ಹಾಕಬಹುದಿತ್ತು.

ಸಮಯ ಮೀರಿದರೆ ಏನಾಗುತ್ತದೆ ಎಂದು 2025ರಲ್ಲಿ ನೋಡಿದೆವು. ಭಾರತದ 1,75,025 ಸೀಟಿನಲ್ಲಿ 52,507 ಖಾಸಗಿ ಗ್ರೂಪುಗಳದ್ದು. ಮಿನಾದ ಟೆಂಟ್, ವಸತಿ, ಸಾರಿಗೆಯ ಒಪ್ಪಂದಗಳು ಸೌದಿ ಕೊಟ್ಟ ದಿನಾಂಕದೊಳಗೆ ಮುಗಿಯದೆ ಪೋರ್ಟಲ್ ಮುಚ್ಚಿತು. ಕೇಳಿಕೊಂಡ ಮೇಲೆ 10,000 ಮಂದಿಗೆ ಮಾತ್ರ ಪುನಃ ತೆರೆಯಿತು. ಉಳಿದವರು ಸೂಟ್‌ಕೇಸ್ ಕಟ್ಟಿಟ್ಟು ಮನೆಯಲ್ಲೇ ಉಳಿದರು. ದುಡ್ಡು ಹೆಚ್ಚು ಕೊಟ್ಟವರೇ ಅವರು.

ಹಾಗಾಗಿ ನನ್ನ ಹಜ್ ಕ್ಲಾಸಿನಲ್ಲಿ ತವಾಫ್, ಸಈ ಹೇಳಿಕೊಡುವ ಮೊದಲ ದಿನವೇ ಸಮಯದ ಪಾಠ ಮಾಡುತ್ತೇನೆ. ಹಿಂದೆ ಬಜ್ಪೆಯಿಂದಲೇ ಹಜ್ ವಿಮಾನ ಹಾರುತ್ತಿತ್ತು, ಮನೆಯಿಂದ ಒಂದು ಗಂಟೆಯ ದಾರಿ. ಈಗ ನಮ್ಮವರು ಬೆಂಗಳೂರಿನ ಹೆಗ್ಡೆ ನಗರದ ಹತ್ತಿರ ತಿರುಮೇನಹಳ್ಳಿಯ ಹಜ್ ಭವನಕ್ಕೆ ಹೋಗಿ ವರದಿ ಮಾಡಿಕೊಳ್ಳಬೇಕು. ಲಗೇಜು ಕೊಡುವುದು, ಪಾಸ್‌ಪೋರ್ಟ್ ತಗೊಳ್ಳುವುದು ಎಲ್ಲ ಅಲ್ಲಿ, ಆಮೇಲೆ ಬಸ್ಸಿನಲ್ಲಿ ವಿಮಾನ ನಿಲ್ದಾಣ. ಮಳೆ ಶುರುವಾದರೆ ಶಿರಾಡಿ ಘಾಟಿಯನ್ನು ನಂಬುವ ಹಾಗಿಲ್ಲ. ಒಂದು ದಿನ ಮೊದಲೇ ಹೊರಡಿ. ಕಳುಹಿಸಿಕೊಡಲು ಎರಡು ಬಸ್ಸು ಜನ ಬೇಡ.

ಮಗ್ರಿಬ್ ಮುಗಿದ ಮೇಲೆ ಹುಡುಗ ಪುನಃ ಬಂದ. ಅವನು ಕೇಳಬೇಕೆಂದಿದ್ದ ಮಾತು ಬೇರೆಯೇ ಇತ್ತು. ಅವನ ಉಮ್ಮನಿಗೆ ಈಗ 66. "65 ದಾಟಿದವರಿಗೆ ಈಗ ಚೀಟಿ ಇಲ್ಲವಂತೆ, ಹೌದಾ ಉಸ್ತಾದ್? ಗ್ಯಾರಂಟಿಯಾ?"

ಆ ಪದ ನಾನೀಗ ಬಳಸುವುದಿಲ್ಲ. 2025ರ ನೀತಿಯಲ್ಲಿ 70 ಇದ್ದದ್ದನ್ನು 65ಕ್ಕೆ ಇಳಿಸಿದ್ದಾರೆ, ಆದರೆ ಜೊತೆಗೆ ಒಬ್ಬರು ಇರಲೇಬೇಕು, ಅದು ನೀನೇ ಆಗಬೇಕು ಅಂದೆ. ಅವನು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಮುಂದಿನ ಕಾಂಟ್ರಾಕ್ಟಿಗೆ ಸಹಿ ಹಾಕಿದರೆ ಹಜ್ಜಿನ ಹೊತ್ತಿಗೆ ಅವನು ಕೆರಿಬಿಯನ್ ಸಮುದ್ರದಲ್ಲಿ ಇರುತ್ತಾನೆ. ಹಾಕದಿದ್ದರೆ ಪುನಃ ಆ ಕೆಲಸ ಸಿಗುತ್ತದೋ ಇಲ್ಲವೋ.

"ಉಮ್ಮನ ಪಾಸ್‌ಪೋರ್ಟ್ ಉಂಟಾ?" ಕೇಳಿದೆ. ಉಂಟು, ಅವಧಿ ಮುಗಿದಿದೆ ಅಂದ. ಸೋಮವಾರ ಬೆಳಗ್ಗೆ ಇಬ್ಬರೂ ಮಂಗಳೂರಿಗೆ ಹೋಗುತ್ತಿದ್ದಾರೆ. ಪಾಸ್‌ಪೋರ್ಟ್ ಕಚೇರಿಯ ಸಮಯ ಹತ್ತೂಕಾಲಕ್ಕೆ ಸಿಕ್ಕಿದೆ. ಒಂಬತ್ತಕ್ಕೇ ಹೋಗಿ ಕೂತಿರಿ ಅಂದಿದ್ದೇನೆ.