ಚಿತ್ರಕಾರರ ಹಾದಿ

ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಡ್ರೆಸ್ಡೆನ್ ನಗರಕ್ಕೆ ಆಗ್ನೇಯ ದಿಕ್ಕಿನಲ್ಲಿ, ಎಲ್ಬ್ ನದಿಯು ಬೊಹೀಮಿಯದ ಗಡಿಯನ್ನು ದಾಟಿ ಬರುವ ಎಡೆಯಲ್ಲಿ ಮರಳುಗಲ್ಲಿನ ಬೆಟ್ಟಗಳ ನಡುವೆ ಒಂದು ಕಾಲುದಾರಿಯುಂಟು. ಆ ದೇಶಭಾಷೆಯಲ್ಲಿ ಅದಕ್ಕೆ ‘ಮಾಲೆರ್‌ವೆಗ್’, ಎಂದರೆ ಚಿತ್ರಕಾರರ ಹಾದಿ, ಎಂದು ಹೆಸರು. ಪಿರ್ನಾ ಪಟ್ಟಣದ ಬಳಿಯ ಲೀಬೆಥಾಲ್ ಕಣಿವೆಯಲ್ಲಿ ಮೊದಲಾಗಿ, ನದಿಯ ಬಲದಂಡೆಯನ್ನು ಹಿಡಿದು ಗಡಿಯ ಸಮೀಪದವರೆಗೆ ಹೋಗಿ, ಅಲ್ಲಿ ನದಿಯನ್ನು ದಾಟಿ, ಎಡದಂಡೆಯ ಮೇಲೆ ಹಿಂದಿರುಗಿ ಪಿರ್ನಾದಲ್ಲಿಯೇ ಮುಗಿಯುವ ಈ ದಾರಿಯ ಉದ್ದ ಸುಮಾರು 115 ಕಿಲೋಮೀಟರು. ಇದನ್ನು 8 ದಿನಗಳ ನಡಿಗೆಯಾಗಿ ವಿಭಾಗಿಸಿದ್ದಾರೆ.

ವಿಹಾರಾರ್ಥಿಗಳ ಕಾಲುದಾರಿಯ ವಿಷಯಕ್ಕೆ ಈ ಪುಟದಲ್ಲಿ ಸ್ಥಳವೇಕೆಂದು ವಾಚಕರು ಕೇಳಬಹುದು. ನಾಡಿನ ಚೆಲುವನ್ನು ಯಾರು ಕಂಡು ಚಿತ್ರಿಸಿದರು ಎಂಬುದೊಂದು ಕಥೆ; ಅದೇ ನಾಡಿನ ಕೋಟೆಗಳೊಳಗೆ ಯಾರನ್ನು ಕೂಡಿಹಾಕಿದರು ಎಂಬುದು ಇನ್ನೊಂದು. ಎರಡೂ ಒಂದೇ ದಾರಿಯ ಮೇಲೆ ಎದುರಾಗುವ ಸ್ಥಳಗಳು ಲೋಕದಲ್ಲಿ ವಿರಳ. ಮೊದಲಿನದನ್ನು ವರ್ಣಿಸುವ ಪ್ರವಾಸಿ ಕೈಪಿಡಿಗಳು ಬೇಕಾದಷ್ಟಿವೆ. ಎರಡನೆಯದನ್ನೂ ಕೂಡಿಸಿ ಹೇಳಬೇಕೆಂಬುದೇ ನಮ್ಮ ಉದ್ದೇಶ.

ಸುಮಾರು 10 ಕೋಟಿ ವರ್ಷಗಳ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಪದರಪದರವಾಗಿ ಕುಳಿತ ಮರಳು ಗಟ್ಟಿಯಾಗಿ ಕಲ್ಲಾಯಿತು. ಮೇಲೆದ್ದ ಆ ಕಲ್ಲನ್ನು ನದಿಯೂ ಮಳೆಯೂ ಹಿಮವೂ ಸೀಳಿ ಕಂಬಗಳನ್ನೂ ಗೋಡೆಗಳನ್ನೂ ಚಪ್ಪಟೆ ನೆತ್ತಿಯ ಗುಡ್ಡಗಳನ್ನೂ ಮಾಡಿದವು. 1766ರಲ್ಲಿ ಡ್ರೆಸ್ಡೆನ್ನಿನ ಕಲಾಶಾಲೆಗೆ ನೇಮಕವಾಗಿ ಬಂದ ಆಡ್ರಿಯಾನ್ ತ್ಸಿಂಗ್ ಮತ್ತು ಆಂಟನ್ ಗ್ರಾಫ್ ಎಂಬ ಇಬ್ಬರು ಸ್ವಿಸ್ ಚಿತ್ರಕಾರರು ಈ ಪ್ರದೇಶವನ್ನು ನೋಡಿ ತಮ್ಮ ತಾಯ್ನಾಡನ್ನು ನೆನೆದು ಇದನ್ನು ‘ಸ್ಯಾಕ್ಸನಿಯ ಸ್ವಿಟ್ಜರ್ಲೆಂಡ್’ ಎಂದು ಕರೆದರೆಂದು ಪ್ರತೀತಿ. ಆಲ್ಪ್ಸ್ ಪರ್ವತಗಳ ಎತ್ತರವಾಗಲಿ ನಿತ್ಯಹಿಮವಾಗಲಿ ಇಲ್ಲಿಲ್ಲ; ಹೋಲಿಕೆಯನ್ನು ಮಾಡಿದ್ದು ಕಣ್ಣಲ್ಲ, ಮನೆಯ ಹಂಬಲವೇ ಇರಬೇಕು. ನಿಕೊಲಾಯ್, ಗೋಟ್ಸಿಂಗರ್ ಎಂಬ ಇಬ್ಬರು ಪಾದ್ರಿಗಳು 19ನೆಯ ಶತಮಾನದ ಆದಿಯಲ್ಲಿ ಮಾರ್ಗದರ್ಶಕ ಗ್ರಂಥಗಳನ್ನು ಬರೆದು ಆ ಹೆಸರನ್ನು ಊರೂರಿಗೆ ಹರಡಿದರು. 1850ರ ಸುಮಾರಿಗೆ ನದಿಯ ಪಕ್ಕದಲ್ಲಿ ರೈಲುದಾರಿ ಬಂದ ಮೇಲೆ ಕಾಲುದಾರಿಯು ಮರೆಯಾಗುತ್ತ ಬಂದು, 2006ರಲ್ಲಿ ಅದಕ್ಕೆ ಪುನರ್ಜನ್ಮವಾಯಿತು.

ಈ ದಾರಿಯಲ್ಲಿ ನಡೆದವರಲ್ಲೆಲ್ಲ ಅಗ್ರಗಣ್ಯನು ಕಾಸ್ಪರ್ ಡೇವಿಡ್ ಫ್ರೀಡ್ರಿಕ್ (1774–1840). ಈತನು ಸ್ಯಾಕ್ಸನಿಯವನಲ್ಲ, ಬಾಲ್ಟಿಕ್ ಸಮುದ್ರತೀರದ ಗ್ರೈಫ್ಸ್‌ವಾಲ್ಡಿನವನು. ಆತನಿಗಿದ್ದ ಏಕಾಂತಪ್ರೀತಿ ಎಂಥದೆಂದರೆ, ಸ್ವಿಟ್ಜರ್ಲೆಂಡಿಗೆ ಜೊತೆಯಾಗಿ ಹೋಗೋಣವೆಂದು ರಷ್ಯದ ಕವಿ ಝುಕೋವ್ಸ್ಕಿಯು ಕರೆದಾಗ ಒಪ್ಪದೆ, ತಾನು ಊಟ್ಟೆವಾಲ್ಡ್ ಕಣಿವೆಯಲ್ಲಿ ಒಂದು ವಾರ ಬಂಡೆಗಳನ್ನೂ ಮರಗಳನ್ನೂ ಹೊರತು ಮನುಷ್ಯನನ್ನೇ ಕಾಣದೆ ಇದ್ದೆನೆಂದು ಹೇಳಿದನಂತೆ. ಆ ಕಣಿವೆ ಹಾದಿಯ ಮೊದಲನೆಯ ದಿನವೇ ಸಿಗುತ್ತದೆ; ಎರಡು ಬಂಡೆಗೋಡೆಗಳ ನಡುವೆ ಉರುಳಿಬಿದ್ದ ಕಲ್ಲುಗುಂಡುಗಳು ಸಿಕ್ಕಿಕೊಂಡು ಹೆಬ್ಬಾಗಿಲಿನಂತಾಗಿವೆ, ಅದರಡಿಯಲ್ಲಿಯೇ ದಾರಿ.

1813ರಲ್ಲಿ ಡ್ರೆಸ್ಡೆನ್ ನೆಪೋಲಿಯನ್ನನ ಸೈನ್ಯದ ಕೈಯಲ್ಲಿದ್ದಾಗ ಫ್ರೀಡ್ರಿಕ್ಕನು ನಗರವನ್ನು ಬಿಟ್ಟು ನದಿಯ ಮೇಲಣ ಕ್ರಿಪ್ಪೆನ್ ಎಂಬ ಹಳ್ಳಿಗೆ ಬಂದು ತಂಗಿದನು. ಪರರ ಆಳ್ವಿಕೆ ಆತನಿಗೆ ಸಹನೆಯಾಗುತ್ತಿರಲಿಲ್ಲ. ಆ ಬೇಸಗೆಯಲ್ಲಿ ಕೈಸರ್‌ಕ್ರೋನ್ ಎಂಬ ಗುಡ್ಡದ ಬಂಡೆಯೊಂದನ್ನು ಸೀಸದಕಡ್ಡಿಯಿಂದ ಬರೆದುಕೊಂಡನು. ಸುಮಾರು 1818ರ ಆತನ ಜಗತ್ಪ್ರಸಿದ್ಧ ಚಿತ್ರದಲ್ಲಿ, ಮಂಜಿನ ಕಡಲಿಗೆದುರಾಗಿ ನಮಗೆ ಬೆನ್ನು ತೋರಿಸಿ ನಿಂತ ಪಥಿಕನ ಕಾಲಡಿಯಲ್ಲಿರುವುದು ಆ ಬಂಡೆಯೇ. ಆದರೆ ಹಿಂದೆ ಕಾಣುವ ಬೆಟ್ಟಗಳು ಬೇರೆಬೇರೆ ಕಡೆಯವು. ಕೈಸರ್‌ಕ್ರೋನಿನ ಮೇಲೆ ಹತ್ತಿ ನಿಂತವನಿಗೆ ಚಿತ್ರದ ನೋಟವು ಸಿಕ್ಕುವುದಿಲ್ಲ; ಅನೇಕ ಯಾತ್ರಿಕರು ಇದರಿಂದ ನಿರಾಶರಾಗುತ್ತಾರೆ. ನಮಗಾದರೋ ಇದು ಚಿತ್ರಕಾರನ ಗೌರವವನ್ನು ಹೆಚ್ಚಿಸುವ ಸಂಗತಿಯೆಂದು ತೋರುತ್ತದೆ. ಕಂಡದ್ದನ್ನು ಕಂಡಂತೆ ಬರೆಯುವುದಕ್ಕೆ ಆತನು ನಕಾಶೆ ಬರೆಯುವವನಲ್ಲವಷ್ಟೆ. ಇಂಥವನ ನಾಡೊಲವನ್ನು ನಾಜಿಗಳು ತಮ್ಮದೆಂದು ಹೇಳಿಕೊಂಡು ತಮ್ಮ ಪ್ರಚಾರಕ್ಕೆ ಬಳಸಿದರೆಂಬುದು ಆತನ ದೋಷವಲ್ಲ, ದುರ್ದೈವ.

ಬಾಸ್ಟೈ ಬಂಡೆಗಳ ಮೇಲಿನಿಂದ ನದಿಯು 194 ಮೀಟರು ಕೆಳಗೆ ಕಾಣುತ್ತದೆ. ಅಲ್ಲಿ 1851ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯೂ ಪಾಳುಬಿದ್ದ ಹಳೆಯ ಕೋಟೆಯ ಗುರುತುಗಳೂ ಇವೆ, ಜನಸಂದಣಿಯೂ ಇದೆ. ಅಂಚಿನ ಬಂಡೆ ಸವೆದು ದುರ್ಬಲವಾದುದರಿಂದ 2016ರಲ್ಲಿ ಮುಚ್ಚಿದ ಜಗಲಿಯ ಬದಲಿಗೆ ಹೊಸದೊಂದನ್ನು 2023ರಲ್ಲಿ ತೆರೆದರು. ಮುಂದಿನ ಕಾಡುಗಳ ಸ್ಥಿತಿ ವಿಷಾದಕರ. 2018ರಿಂದೀಚೆಗೆ ಅನಾವೃಷ್ಟಿಯೂ ತೊಗಟೆ ಕೊರೆಯುವ ಹುಳುವೂ ಸೇರಿ ಸ್ಪ್ರೂಸ್ ಮರಗಳನ್ನು ಸಾಲುಸಾಲಾಗಿ ಕೊಂದವು. 2022ರ ಬೇಸಗೆಯಲ್ಲಿ ಬೊಹೀಮಿಯದ ಕಡೆಯಿಂದ ಕಾಳ್ಗಿಚ್ಚು ಗಡಿ ದಾಟಿತು.

ಇನ್ನು ಕೋಟೆಗಳ ಮಾತು. ಹೋನ್‌ಸ್ಟೈನ್ ಎಂಬುದು ಕಡಿದಾದ ಬಂಡೆಯ ತುದಿಯಲ್ಲಿ, ಕೆಳಗಣ ಹೆಂಚಿನ ಮನೆಗಳನ್ನು ಕಾಯುತ್ತಿರುವಂತೆ ನಿಂತ ದುರ್ಗ. 1920ರ ದಶಕದಲ್ಲಿ ಅದು ಬೆನ್ನಮೇಲೆ ಚೀಲ ಹೊತ್ತು ಬರುವ ತರುಣರ ತಂಗುದಾಣವಾಗಿ ಹೆಸರುಗೊಂಡಿತ್ತು. 1933ರ ಮಾರ್ಚಿಯಲ್ಲಿ ನಾಜಿಗಳು ಅದನ್ನು ಬಂಧನಶಿಬಿರವಾಗಿ ಮಾಡಿದರು. ತಂಗುದಾಣದ ಮೇಲ್ವಿಚಾರಕ ಕೊನ್ರಾಡ್ ಹಾನೆವಾಲ್ಡನು ತಾನು ಅತಿಥಿಗಳನ್ನು ಬರಮಾಡಿಕೊಳ್ಳುತ್ತಿದ್ದ ಮನೆಯಲ್ಲಿಯೇ ಸೆರೆಯಾಳಾದನು. 1934ರಲ್ಲಿ ಶಿಬಿರವನ್ನು ಮುಚ್ಚುವಷ್ಟರಲ್ಲಿ ಸಹಸ್ರಾರು ಮಂದಿ ಅದರ ಹಿಂಸೆಯನ್ನು ಕಂಡಿದ್ದರು. ಯುದ್ಧಾನಂತರ ಅಲ್ಲಿ ಮತ್ತೆ ತರುಣರು ಬಂದು ತಂಗಿದರು.

ನದಿಯಾಚೆಯ ಗೋರಿಷ್ ಎಂಬ ಊರು ಚಿಕ್ಕದು. 1960ರ ಜುಲೈ ತಿಂಗಳಲ್ಲಿ ಡ್ರೆಸ್ಡೆನ್ನಿನ ವಿಷಯವಾದ ಚಲಚ್ಚಿತ್ರವೊಂದಕ್ಕೆ ಸಂಗೀತ ರಚಿಸಲು ಬಂದ ರಷ್ಯದ ಶೋಸ್ಟಕೋವಿಚ್ ಇಲ್ಲಿ ತಂಗಿ, ಮೂರೇ ದಿನಗಳಲ್ಲಿ ತನ್ನ 8ನೆಯ ತಂತಿವಾದ್ಯ ಚತುಷ್ಕವನ್ನು ಬರೆದು ಮುಗಿಸಿ, ಅದನ್ನು ಫಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರ ಸ್ಮರಣೆಗೆ ಅರ್ಪಿಸಿದನು. ಚಲಚ್ಚಿತ್ರದ ಕೆಲಸ ಹಿಂದೆ ಬಿತ್ತು.

ಅಲ್ಲಿಂದ ಮುಂದೆ ಕೋನಿಗ್‌ಸ್ಟೈನ್. ನದಿಗಿಂತ 240 ಮೀಟರು ಎತ್ತರದ ಚಪ್ಪಟೆ ಬೆಟ್ಟದ ನೆತ್ತಿಯೇ ಕೋಟೆ. ಒಳಗೆ 152 ಮೀಟರಿಗೂ ಆಳವಾದ ಬಾವಿ. ಶತ್ರುಗಳು ಇದನ್ನು ಎಂದೂ ಲಗ್ಗೆಯಿಂದ ಹಿಡಿಯಲಿಲ್ಲ. ಆದರೆ 1848ರಲ್ಲಿ ಹೊಗೆಕೊಳವೆ ಗುಡಿಸುವ ಆಬ್ರಾಟ್ಸ್‌ಕಿ ಎಂಬ ಯುವಕನು ಬಂಡೆಯ ಬಿರುಕಿನಲ್ಲಿ ಬೆನ್ನು ಕಾಲುಗಳನ್ನು ಒತ್ತಿಕೊಂಡು ಹತ್ತಿ ಒಳಗೆ ಇಳಿದೇಬಿಟ್ಟನು! ಅರಸರ ದುರ್ಗಶಾಸ್ತ್ರಕ್ಕೆ ಇದಕ್ಕಿಂತ ಸೊಗಸಾದ ಉತ್ತರವನ್ನು ನಾವು ಕೇಳಿಲ್ಲ. ಪಿಂಗಾಣಿಯ ಗುಟ್ಟನ್ನು ಹುಡುಕುತ್ತಿದ್ದ ಬೋಟ್‌ಗರ್ ಇಲ್ಲಿ ಸೆರೆಯಲ್ಲಿದ್ದನು. 1874ರಲ್ಲಿ ಕಾರ್ಮಿಕರ ನಾಯಕ ಆಗಸ್ಟ್ ಬೇಬೆಲ್ಲನು ಇದ್ದನು. 1942ರ ಏಪ್ರಿಲಿನಲ್ಲಿ ಫ್ರಾನ್ಸಿನ ಸೇನಾನಿ ಜಿರೋ ತಾನೇ ಹೊಸೆದ ಹಗ್ಗದಿಂದ ಗೋಡೆಯಿಳಿದು ತಪ್ಪಿಸಿಕೊಂಡನು. ಆಗ ಆತನಿಗೆ 63 ವರ್ಷ ತುಂಬಿತ್ತು.

ಕೊನೆಯ ದಿನದ ನಡಿಗೆ ಪಿರ್ನಾಕ್ಕೆ ಇಳಿಯುತ್ತದೆ. 1750ರ ದಶಕದಲ್ಲಿ ಆಸ್ಥಾನ ಚಿತ್ರಕಾರ ಬೆಲ್ಲೊಟ್ಟೊ ಈ ಪಟ್ಟಣದ 11 ಚಿತ್ರಗಳನ್ನು ಬರೆದನು. ಅದರ ಚೌಕವು ಇಂದಿಗೂ ಬಹುಮಟ್ಟಿಗೆ ಆ ಚಿತ್ರದಲ್ಲಿದ್ದಂತೆಯೇ ಇದೆ. ಮೇಲೆ ಜೋನೆನ್‌ಸ್ಟೈನ್ ಕೋಟೆ. 1811ರಲ್ಲಿ ಅಲ್ಲಿ ಮನೋರೋಗಿಗಳಿಗಾಗಿ ಆಸ್ಪತ್ರೆಯನ್ನು ತೆರೆದು, ಬುದ್ಧಿ ಕೆಟ್ಟವರನ್ನೂ ಗುಣಪಡಿಸಬಹುದೆಂಬ ದಯಾಪೂರ್ಣವಾದ ನಂಬಿಕೆಯಿಂದ ನಡೆಸಿದರು. ಅದೇ ಕಟ್ಟಡಗಳಲ್ಲಿ 1940ರ ಜೂನಿನಿಂದ 1941ರ ಆಗಸ್ಟಿನವರೆಗೆ 13,720 ಮಂದಿ ರೋಗಿಗಳನ್ನೂ ಅಂಗವಿಕಲರನ್ನೂ, ಶಿಬಿರಗಳಿಂದ ತಂದ 1,031 ಬಂದಿಗಳನ್ನೂ ವಿಷವಾಯುವಿನಿಂದ ಕೊಂದರು. ಅವರಲ್ಲೊಬ್ಬಳು ಡ್ರೆಸ್ಡೆನ್ನಿನ ಚಿತ್ರಕರ್ತೃ ಎಲ್ಫ್ರೀಡೆ ಲೋಸೆ-ವೆಖ್ಟ್‌ಲರ್. ಆಸ್ಪತ್ರೆಯಲ್ಲಿ ತನ್ನ ಜೊತೆಯ ರೋಗಿಗಳ ಮುಖಗಳನ್ನು ಬರೆದವಳು. 1935ರಲ್ಲಿ ಬಲಾತ್ಕಾರವಾಗಿ ಆಕೆಯನ್ನು ಬಂಜೆಯನ್ನಾಗಿ ಮಾಡಿದರು, 1940ರ ಜುಲೈ 31ರಂದು ಇಲ್ಲಿ ಕೊಂದರು. ಆಗ ಆಕೆಗೆ 40 ವರ್ಷ. ಚಿತ್ರಕಾರರ ಹಾದಿಯಲ್ಲಿ ನಡೆದು ಬಂದವನು ಈ ಹೆಸರನ್ನು ಕೇಳದೆ ರೈಲು ಹತ್ತಬಾರದೆಂದು ನಮ್ಮ ಅಭಿಪ್ರಾಯ.

ಕೋಟೆಯಲ್ಲಿ 2000ದಲ್ಲಿ ಸ್ಮಾರಕವನ್ನು ತೆರೆದರು. ಊರಿನಿಂದ ಅಲ್ಲಿಗೆ ಏರುವ ಬೀದಿಗಳಲ್ಲಿ, ಸತ್ತವರ ತಲೆಗೊಂದರಂತೆ, ನೆಲದ ಮೇಲೆ ಬಣ್ಣದ ಪುಟ್ಟ ಶಿಲುಬೆಗಳನ್ನು ಬಿಡಿಸಿದರು, ಅವು 14,751.